ಹೊಳೆಮತ್ತಿಗೆ ಕಟ್ಟಿದ ಬಲೆ

ಹೊಳೆಯ ತಿರುವಿನಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಚನ್ನವೀರಯ್ಯ ಎಂಬ ಗುರುಗಳೂ ಅನಿಮಿಷ ಎಂಬ ಶಿಷ್ಯನೂ ಇದ್ದರು.

ಅನಿಮಿಷ ಒಳ್ಳೆಯವನು. ಸಿಟ್ಟು ಬೇಗ ಬರುತ್ತಿತ್ತು, ತಪ್ಪಾಯಿತೆಂದು ಕೊರಗುವುದೂ ಬೇಗ. ಇವೆರಡರ ನಡುವೆ ಒಂದು ಮಾತು ಕೇಳಿ ನೋಡುವ ಅಭ್ಯಾಸ ಮಾತ್ರ ಅವನಿಗೆ ಇರಲಿಲ್ಲ.

ಆಶ್ರಮದ ಕೆಳಗೆ ಹೊಳೆಯಲ್ಲೊಂದು ಆಳವಾದ ಮಡು. ಮುಂಗಾರಿನ ಹೊಸ ನೀರು ಬಂದಾಗ ದೊಡ್ಡ ಮೀನುಗಳು ತತ್ತಿ ಇಡಲು ಅಲ್ಲಿಗೆ ಬರುತ್ತಿದ್ದವು. ಒಂದು ಕಾಲಕ್ಕೆ ನೂರಾರು ಬರುತ್ತಿದ್ದವಂತೆ. ಆ ವರ್ಷ ಚುರುಮರಿ ಎಸೆದಾಗ ಮೇಲೆ ಬಂದವು ಇಪ್ಪತ್ತು ದಾಟಲಿಲ್ಲ.

ಇವೂ ಹೋದರೆ ಮಡು ಬರಿದಾಗುತ್ತದೆ ಎಂದು ಅನಿಮಿಷನಿಗೆ ಭಯ. ಆ ಭಯದಲ್ಲಿ ಅವನಿಗೆ ಊಟ ಸೇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವನು ಸ್ನಾನಕ್ಕೆ ಇಳಿದಾಗ ದಡದ ಹೊಳೆಮತ್ತಿ ಮರಕ್ಕೆ ಬಲೆಯೊಂದು ಕಟ್ಟಿತ್ತು. ಅವನಿಗೆ ಮೈಯೆಲ್ಲ ಉರಿಯಿತು. ಸ್ನಾನ ಮರೆತ. ಮರ ಹತ್ತಿ ಬಲೆ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಗುರುಗಳ ಮುಂದೆ ತಂದು ಕೆಡವಿದ.

"ನೋಡ್ರಿ ಅಪ್ಪಾರ. ತತ್ತಿ ಇಡೋ ಕಾಲದಾಗ ಅಂಬಿಗರು ಬಲೆ ತಂದಾರ. ನಾನು ಬಿಚ್ಚಿಕೊಂಡು ಬಂದೀನಿ."

ಗುರುಗಳು ಅಕ್ಕಿ ಆರಿಸುತ್ತಿದ್ದರು. ಮೊರ ಪಕ್ಕಕ್ಕಿಟ್ಟು ಬಲೆಯನ್ನು ಬಿಡಿಸಿ ನೋಡಿದರು. ಅದರಲ್ಲೊಂದು ತೂತಿತ್ತು. ಅದರೊಳಗೆ ತಮ್ಮ ತಲೆ ತೂರಿಸಿದರು. ತಲೆ ಸಲೀಸಾಗಿ ಆಚೆ ಬಂತು.

"ನನ್ನ ತಲೀನ ನಿಲ್ಲಲಿಲ್ಲ. ಇದರಾಗ ಯಾವ ಮೀನು ನಿಲ್ಲತೈತಿ?"

"ಹೊಲಕೊಂತಾರ್ರಿ. ಅವರಿಗೇನು ಕಷ್ಟ?"

"ಹಂಗಂತ ಅವರು ಅಂದ್ರೇನು?"

"ಕೇಳಿಲ್ರಿ."

"ಕೇಳು ಹೋಗು," ಎಂದರು ಗುರುಗಳು, ಬಲೆಯನ್ನು ತಲೆಯಿಂದ ತೆಗೆಯುತ್ತ.

ಅಂಬಿಗರ ಕೇರಿ ದೂರವೇನಲ್ಲ, ಕೂಗಿದರೆ ಕೇಳಿಸುವಷ್ಟು. ಆದರೆ ಅನಿಮಿಷ ಕೇರಿಗೆ ಹೋಗಲಿಲ್ಲ. ಒಂದು ಹಲಗೆ ಹುಡುಕಿದ, ಬಣ್ಣ ಕಲಸಿದ. "ಇಲ್ಲಿ ಮೀನು ಹಿಡಿಯುವುದನ್ನು ನಿಷೇಧಿಸಲಾಗಿದೆ" ಎಂದು ದುಂಡಗೆ ಬರೆದ. ಹೊಳೆಮತ್ತಿಗೆ ಮೊಳೆ ಹೊಡೆದು ತೂಗುಹಾಕಿದ. ದೂರ ನಿಂತು ನೋಡಿದ, ಹತ್ತಿರ ಬಂದು ಮತ್ತೆ ನೋಡಿದ. ಅಂದು ಅವನು ಹೊಟ್ಟೆ ತುಂಬ ಉಂಡ.

ಮರುದಿನ ಬೆಳಿಗ್ಗೆ ಮಡುವಿನಲ್ಲಿ ನಾಲ್ಕು ಹರಿಗೋಲುಗಳಿದ್ದವು.

ಅವರು ಮೇಲಿನೂರಿನವರು. ಒಂದು ಬಲೆ ಆಗಲೇ ನೀರಿಗೆ ಬಿದ್ದಿತ್ತು. ಅನಿಮಿಷ ದಡದಲ್ಲಿ ನಿಂತು ಬೋರ್ಡು ತೋರಿಸಿ ಕೂಗಿದ.

ಹರಿಗೋಲಿನಲ್ಲಿದ್ದ ಒಬ್ಬ ಸಮಾಧಾನವಾಗಿಯೇ ಹೇಳಿದ. "ಬೋರ್ಡು ಊರ ತುಂಬ ಅದಾವ್ರಿ ಸ್ವಾಮೇರ. ನಾವು ನೋಡೋದು ಬಲೆ."

"ಯಾವ ಬಲೆ?"

"ಈ ಮರದಾಗಿನ ಬಲೆ. ಅದು ಇರೋತನಕ ಮಡುವಿನ್ಯಾಗ ಯಾರೂ ಕೈ ಹಾಕಂಗಿಲ್ಲ. ನಮ್ಮ ಅಜ್ಜನ ಕಾಲದಿಂದ ಹಂಗ. ನಿನ್ನೆ ಸಂಜಿಮುಂದ ನೋಡಿದ್ವಿ, ಬಲೆ ಇರಲಿಲ್ಲ. ಈ ವರ್ಷ ಅಂಬಿಗರ ದುರ್ಗವ್ವ ಲಗೂನ ಬಿಚ್ಯಾಳ ಅಂತ ತಿಳಕೊಂಡ್ವಿ."

ಬೋರ್ಡಿನತ್ತ ಚಾಚಿದ್ದ ಕೈಯನ್ನು ಅನಿಮಿಷ ಇಳಿಸಿದ. ಕಾವಲಿಗೆ ಕಟ್ಟಿದ್ದನ್ನು ತಾನೇ ಬಿಚ್ಚಿ, ತಾನೇ ಹೊತ್ತುಕೊಂಡು ಹೋಗಿದ್ದ.

"ಅದು ದುರ್ಗವ್ವ ಬಿಚ್ಚಿದ್ದಲ್ಲ," ಎಂದ. "ನಾನು ಬಿಚ್ಚಿದ್ದು. ಬಲೆ ಎಳೀಬ್ಯಾಡ್ರಿ."

ಹರಿಗೋಲಿನವರು ಒಬ್ಬರ ಮುಖ ಒಬ್ಬರು ನೋಡಿದರು. "ನಿಮ್ಮ ಮಾತಿನ ಮ್ಯಾಲೆ ಹೆಂಗ್ರಿ? ದುರ್ಗವ್ವ ಬರಲಿ. ಅಲ್ಲೀಮಟ ಎಳೆಯಂಗಿಲ್ಲ. ಆದರ ಬಲೆಯೊಳಗ ಬಿದ್ದ ಮೀನು ಭಾಳೊತ್ತು ಬದುಕಂಗಿಲ್ಲ, ಅದು ಗೊತ್ತಿರಲಿ."

ಅನಿಮಿಷ ಬಿದ್ದಂಬೀಳ ಓಡಿದ. ಆಶ್ರಮದ ಮೆಟ್ಟಿಲ ಮೇಲೆಯೇ ಗುರುಗಳು ಎದುರಾದರು. ಕೂಗು ಅವರಿಗೂ ಕೇಳಿಸಿತ್ತು, ಬಲೆ ಕೈಯಲ್ಲೇ ಇತ್ತು.

"ಅಪ್ಪಾರ, ತಪ್ಪು ಮಾಡಿದೆ. ನೀವು ಬರ್ರಿ. ನೀವು ಹೇಳಿದ್ರ ದುರ್ಗವ್ವ ಕೇಳತಾಳ."

ಗುರುಗಳು ಬಲೆಯನ್ನು ಅವನ ಹೆಗಲಿಗೆ ಹಾಕಿದರು.

"ತಂದವ ನೀನು. ಒಯ್ಯಾವನೂ ನೀನ."

ದುರ್ಗವ್ವ ಕೇರಿಯ ಹಿರಿಯಳು. ಅಂಗಳದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಅನಿಮಿಷನ ಹೆಗಲ ಮೇಲಿನ ಬಲೆ ಕಂಡದ್ದೇ ಅವಳ ಕೈ ನಿಂತಿತು.

ಅವನು ಒಂದನ್ನೂ ಮುಚ್ಚಿಡಲಿಲ್ಲ. ಬಿಚ್ಚಿದ್ದು ತಾನು, ಕೇಳದೆ ಬಿಚ್ಚಿದ್ದು, ಗುರುಗಳು ಕೇಳು ಅಂದರೂ ಬಾರದೆ ಹೋದದ್ದು, ಈಗ ಮಡುವಿನಲ್ಲಿ ಬಲೆ ಬಿದ್ದಿರುವುದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ.

"ಅದು ನಮ್ಮ ಮಾವನ ಬಲೆ," ಎಂದಳು ದುರ್ಗವ್ವ. "ಹೊಸ ನೀರು ಬಂದ ದಿನ ಕಟ್ಟತೀವಿ, ಮಾನೌಮಿ ಹಬ್ಬ ಆದಮ್ಯಾಲೆ ಬಿಚ್ಚತೀವಿ. ನಡುವ ಒಲಿ ಹೊತ್ತದಿದ್ರೂ ಅದನ್ನ ಮುಟ್ಟಿಲ್ಲ. ನಿನಗ ನಾವು ಕಳ್ಳರಂಗ ಕಂಡ್ವೇನಪಾ?"

"ಕಂಡ್ರಿ ಅವ್ವಾ," ಎಂದ ಅನಿಮಿಷ. ಸುಳ್ಳು ಹೇಳಲು ಅವನಿಗೆ ಹೊತ್ತಿರಲಿಲ್ಲ.

ದುರ್ಗವ್ವ ಎಲೆಯನ್ನು ಸಂಚಿಗೆ ತುರುಕಿ ಸೊಂಟಕ್ಕೆ ಸೆರಗು ಬಿಗಿದಳು.

"ಬೈಯೋದು ಆಮ್ಯಾಲೆ ಬೈತೀನಿ. ಮೊದಲು ನಡಿ."

ಎಪ್ಪತ್ತು ದಾಟಿದ ಮುದುಕಿ. ಅನಿಮಿಷನೇ ಹಿಂದೆ ಬಿದ್ದ.

ಹರಿಗೋಲಿನವರು ಮಾತಿಗೆ ತಪ್ಪಿರಲಿಲ್ಲ, ಬಲೆ ಎಳೆದಿರಲಿಲ್ಲ. ದುರ್ಗವ್ವ ದಡದಲ್ಲಿ ನಿಂತು ಕೈ ಅಡ್ಡ ಆಡಿಸಿದಳು, ಅಷ್ಟೇ. ಅವರು ಬಲೆಯನ್ನು ನೀರಿನಲ್ಲಿರುವಂತೆಯೇ ಬಿಡಿಸತೊಡಗಿದರು. ಅನಿಮಿಷನೂ ಎದೆಮಟ್ಟ ನೀರಿಗಿಳಿದ.

"ಗಟ್ಟಿ ಹಿಡೀಬ್ಯಾಡ್ರಿ ಸ್ವಾಮೇರ, ಹೊಟ್ಟಿಯೊಳಗ ತತ್ತಿ ಅದಾವ," ಎಂದು ಒಬ್ಬ ಅವನ ಕೈ ಸರಿಸಿ ಹಿಡಿಯುವ ರೀತಿ ತೋರಿಸಿದ.

ಬಲೆಗೆ ಬಿದ್ದದ್ದು ಹನ್ನೊಂದು. ಒಂದು ಸತ್ತಿತ್ತು. ಉಳಿದ ಹತ್ತು ಒಂದೊಂದೇ ಕೈಯಿಂದ ಜಾರಿ ಆಳಕ್ಕೆ ಹೋದವು.

ಕೊನೆಯದು ಹೋದಾಗ ಅನಿಮಿಷ ನೀರಿನಲ್ಲೇ ನಿಂತು ಅತ್ತ. ಎದೆಯ ಮೇಲಿನ ಭಾರವೆಲ್ಲ ಇಳಿದು ಹೋಗಿತ್ತು. ನಾಚಿಕೆ ಇತ್ತು, ಆದರೆ ಅದಕ್ಕಿಂತ ನೆಮ್ಮದಿ ದೊಡ್ಡದಾಗಿತ್ತು.

ಮೇಲೆ ಮರದಲ್ಲಿ ಬಲೆ ಮತ್ತೆ ಏರಿತು. ದುರ್ಗವ್ವ ಗಂಟು ಹೇಳಿಕೊಟ್ಟಳು, ಮೇಲಿನೂರಿನವನೊಬ್ಬ ಕಟ್ಟಿದ. ಬೋರ್ಡನ್ನು ಅನಿಮಿಷ ತಾನೇ ಕಿತ್ತ.

ಅವಳು ಹೇಳಿದ ಮಾತಿನಂತೆ ದಾರಿಯುದ್ದಕ್ಕೂ ಬೈದಳು. ಅವನು ಹೂಂಗುಟ್ಟುತ್ತ ಅವಳನ್ನು ಮನೆ ಮುಟ್ಟಿಸಿ ಬಂದ.

ಹದಿನೈದು ದಿನ ಕಳೆಯಿತು. ಒಂದು ಮುಂಜಾನೆ ದುರ್ಗವ್ವ ಆಶ್ರಮಕ್ಕೆ ಬಂದು ಅನಿಮಿಷನನ್ನು ಹೊಳೆಗೆ ಕರೆದುಕೊಂಡು ಹೋದಳು. ದಡದ ಬಂಡೆಯ ಮರೆಯಲ್ಲಿ, ಹಿಮ್ಮಡಿ ಮುಳುಗದಷ್ಟು ನೀರಿನಲ್ಲಿ, ಸಾವಿರಾರು ಮರಿ ಮೀನುಗಳು. ಒಂದೊಂದೂ ಜೀರಿಗೆಯಷ್ಟು.

ಇಬ್ಬರೂ ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕೂತು ನೋಡಿದರು.

"ಈ ಹೊಳಿಯವರೆಲ್ಲ ನಮ್ಮ ಬಲೆಗೆ ಬೆಲೆ ಕೊಡತಾರ," ಎಂದಳು ದುರ್ಗವ್ವ. "ಪ್ಯಾಟಿಯಿಂದ ಜೀಪಿನಾಗ ಬರೋರು ಕೊಡಂಗಿಲ್ಲ. ನಾವು ದುಡಿಯಾಕ ಹೋದಾಗ ಬಂದು ಬ್ಲೀಚಿಂಗ್ ಪೌಡರ್ ಸುರುವಿ ದೊಡ್ಡ ಮೀನು ಬಾಚಿಕೊಂಡು ಹೋಗತಾರ. ಮರಿ ತತ್ತಿ ಎಲ್ಲಾ ಸಾಯತಾವ. ಮೀನು ಕಡಿಮಿ ಆಗಿದ್ದು ಹಂಗ. ಮೀನುಗಾರಿಕಿ ಆಫೀಸಿಗೆ ಮೂರು ಸಲ ಹೋಗಿ ಬಂದೆ. ಕೂಡ್ರು ಅನ್ನೋರಿಲ್ಲ. ನಿನಗ ಬರಿಯಾಕ ಬರತೈತಿ. ಹಗಲೆಲ್ಲ ದಂಡಿ ಮ್ಯಾಲ ಇರತೀ. ನಮ್ಮ ಕೂಡ ನಿಲ್ಲತೀಯೇನು?"

ಅನಿಮಿಷ ಅಂದೇ ಕಾಗದ ಬರೆದ. ಚಿತ್ತಿಲ್ಲದಂತೆ ಎರಡು ಸಲ ತಿದ್ದಿ ಬರೆದು ಗುರುಗಳ ಮುಂದೆ ಹಿಡಿದ.

ಗುರುಗಳು ಓದಿದರು. "ಮೀನುಗಳ ರಕ್ಷಣೆಗಾಗಿ ಈ ಮಡುವನ್ನು ಆಶ್ರಮದ ಸುಪರ್ದಿಗೆ ವಹಿಸಿಕೊಡಬೇಕಾಗಿ ವಿನಂತಿ" ಎಂದು ಕಾಗದ ಮುಗಿದಿತ್ತು.

"ಅಕ್ಷರ ಚಂದ ಅದಾವ," ಎಂದರು. "ಮೀನು ಎಲ್ಲಿ ತತ್ತಿ ಇಡತಾವ?"

"ಬಂಡೆಗಲ್ಲಿನ ಸಂದಿನ್ಯಾಗಂತ್ರಿ. ಯಾವ ಬಂಡೆ ಅಂತ ನನಗ ಗೊತ್ತಿಲ್ಲ."

"ಹೊಸ ನೀರು ಬರೋ ಸುಳಿವು ಹೆಂಗ ತಿಳೀತೈತಿ?"

"ದುರ್ಗವ್ವಗ ತಿಳೀತೈತ್ರಿ."

"ಜೀಪು ಯಾವ ದಾರಿಲೆ ಇಳೀತೈತಿ?"

"ಕೇರಿ ಮಂದಿ ನೋಡ್ಯಾರ್ರಿ."

"ಏನೂ ಗೊತ್ತಿಲ್ಲದ ನಮ್ಮ ಕೈಯಾಗ ಮಡು ಕೊಡ್ರಿ ಅಂತ ಕೇಳೀಯಲ್ಲ."

ಅನಿಮಿಷ ಕಾಗದವನ್ನು ಮಡಚಿದ.

"ಹಂಗಾರ ಬರಿಯೋದ ಬ್ಯಾಡೇನ್ರಿ? ಅವರ ಮಾತು ಅಲ್ಲಿ ಯಾರೂ ಕೇಳಂಗಿಲ್ಲ."

"ಬರಿ. ಕೇರಿಯೊಳಗ ಕುಂತು ಬರಿ. ಅವರು ಹೇಳಿದ್ದನ್ನ ಬರದು ಅವರಿಗೇ ಓದಿ ತೋರಿಸು. ಹೌದು ಅಂದ್ರ ಹೆಬ್ಬಟ್ಟು ಒತ್ತಲಿ. ಆಫೀಸಿಗೆ ಹೋಗೋ ದಿನ ನೀನೂ ಅವರ ಹಿಂದ ಹೋಗು, ಕೂಡ್ರು ಅಂತ ಯಾರೂ ಅನ್ನದಿದ್ರ ಕುರ್ಚಿ ಎಳದು ಹಾಕು."

ಅನಿಮಿಷ ಹೊಸ ಹಾಳೆ ತೆಗೆದುಕೊಂಡ. ಬಾಗಿಲ ತನಕ ಹೋದವನು ತಿರುಗಿ ನಿಂತ.

"ಆದರ ಅಪ್ಪಾರ, ನಿಮ್ಮ ಹೆಸರು ದೊಡ್ಡದು. ನಿಮ್ಮ ಸಹಿ ಮೊದಲು ಇದ್ರ ಕೆಲಸ ಲಗೂ ಆಗತೈತಿ."

ಗುರುಗಳು ಮೊರವನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು.

"ಕೇರಿ ಮಂದಿದೆಲ್ಲ ಆಗಲಿ. ಆಮ್ಯಾಲೆ ಕೆಳಗ ಒಂದೀಟು ಜಾಗ ಉಳದಿದ್ರ, ನನ್ನ ಹತ್ರ ತಗೊಂಡು ಬಾ."