ಹಿಮದಡಿಯ ಕೋಳಿ

"ಅವ್ವಾ, ನಾನು ಹುಡುಕುತ್ತಿರುವುದು ಇಲ್ಲಿ ಇದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?" ಎಂದು ದೇಮವ್ವ ಗುರುತಾಯಿಯನ್ನು ಕೇಳಿದಳು.

ಅವಳು ಸೇರಿದ ಮೂರನೆಯ ಮಠ ಇದು. ಮೊದಲ ಎರಡರಲ್ಲಿ ಅವಳ ಮನಸ್ಸು ನಿಂತಿರಲಿಲ್ಲ. ಇಲ್ಲಿಯೂ ನಿಲ್ಲುತ್ತಿರಲಿಲ್ಲ. ಧ್ಯಾನಕ್ಕೆ ಕೂತರೆ ಕಸ ಗುಡಿಸುವುದು ನೆನಪಾಗುತ್ತಿತ್ತು, ಕಸ ಗುಡಿಸಲು ಎದ್ದರೆ ಬೇರೆ ಊರಿನ ದಾರಿ ನೆನಪಾಗುತ್ತಿತ್ತು. ಬೆಳಗಾದರೆ ಹೊರಟುಬಿಡುವುದೆಂದು ತೀರ್ಮಾನಿಸಿಯೇ ಅವಳು ಈ ಪ್ರಶ್ನೆ ಕೇಳಲು ಬಂದಿದ್ದಳು.

ಗುರುತಾಯಿ ಅವಳನ್ನು ಕೂರಿಸಿ ಒಂದು ಕತೆ ಹೇಳಿದರು.

ಹಿಮ ಬೀಳುವ ಬೆಟ್ಟದ ಸೀಮೆಯಲ್ಲಿ ಒಬ್ಬ ಬೇಟೆಗಾರನಿದ್ದ. ಅವನಿಗೆ ಹೆಣ್ಣು ಗೊತ್ತಾಗಿತ್ತು. ಆ ಸೀಮೆಯಲ್ಲಿ ಒಂದು ಕಟ್ಟಳೆ ಇದೆ. ಮದುವೆಯಾಗುವ ಗಂಡು ತನ್ನ ನಾಯಿ ತೋರಿಸಿಕೊಟ್ಟ ಕಾಡುಕೋಳಿಯನ್ನು ಹೊಡೆದು, ಬೇಟೆಯ ಕಾಲ ಮುಗಿಯುವುದರೊಳಗೆ ಹೆಣ್ಣಿನ ಮನೆಯ ಹೊಸ್ತಿಲ ಮೇಲೆ ಇಡಬೇಕು. ಇಡದಿದ್ದರೆ ಕೊಟ್ಟ ಮಾತು ಮುರಿಯುತ್ತದೆ, ಹೆಣ್ಣು ಬೇರೆ ಮನೆಗೆ ಹೋಗುತ್ತಾಳೆ. ಕಣಿವೆಯ ಕಂಬಳಿ ವ್ಯಾಪಾರಿಯೊಬ್ಬ ಆಗಲೇ ಬಂದು ಅವಳನ್ನು ಕೇಳಿಕೊಂಡು ಹೋಗಿದ್ದ.

ಚಳಿಗಾಲದ ಮೊದಲಲ್ಲಿ ಕೋಳಿ ಹೊಡೆಯುವುದು ಸುಲಭ. ಕೊನೆಗೆ ಬರುವಷ್ಟರಲ್ಲಿ ದಡ್ಡ ಕೋಳಿಗಳೆಲ್ಲ ಸಾರಿಗೆ ಸೇರಿರುತ್ತವೆ. ಉಳಿದವು ಮನುಷ್ಯನ ಕೆಮ್ಮನ್ನೂ ಗುರುತು ಹಿಡಿಯುತ್ತವೆ. ಬೇಟೆಗಾರ ಒಂದು ಬೆಟ್ಟ ಬಿಟ್ಟು ಇನ್ನೊಂದು ಬೆಟ್ಟ ಸುತ್ತಿ, ಕೈಗೆ ಒಂದೂ ಸಿಗದೆ ಕೊನೆಯ ದಿನಕ್ಕೆ ಬಂದಿದ್ದ. ಅಂದು ಸಂಜೆ ಊರಿನ ಡೋಲು ಬಾರಿಸಿದರೆ ಬೇಟೆ ಮುಗಿಯಿತು. ಆಮೇಲೆ ಕೋವಿ ಎತ್ತಿದವನಿಗೆ ಆ ಸೀಮೆಯಲ್ಲಿ ಹೆಣ್ಣೂ ಇಲ್ಲ, ನೀರೂ ಇಲ್ಲ.

ಸಾಕ್ಷಿಗೆಂದು ಹುಡುಗಿಯ ಅಜ್ಜ ಜೊತೆಗೆ ಬಂದ. ನಾಯಿಗಳು ಎರಡು. ಎಳೆಯದು ಮುಂದೆ ಓಡಿತು. ಮುದಿ ಹೆಣ್ಣುನಾಯಿ ನೆಲ ಮೂಸುತ್ತ ಹಿಂದೆ ಬಂತು.

ಅವರು ಕೋಳಿಗಳು ಅಡಗುವ ಜೊಂಡುಹುಲ್ಲಿನ ಒಂದು ತುದಿಗೆ ಕಾಲಿಡುವಷ್ಟರಲ್ಲಿ ಕೋಳಿಗಳು ಇನ್ನೊಂದು ತುದಿಯಿಂದ ಹಾರಿಹೋದವು. ಬೇಟೆಗಾರ ನಾಯಿಗಳನ್ನು ಕೂಗಿದ, ಬೈದ, ಸಿಳ್ಳೆ ಹಾಕಿದ. ಮುಂದಿನ ಜೊಂಡಿಗೆ ಓಡಿದ. ಅಲ್ಲಿಯೂ ಹಾಗೆಯೇ ಆಯಿತು.

"ಅಳಿಯಂದಿರೇ, ನೀವು ಕೋಳಿ ಹೊಡೆಯಲು ಬಂದಿರೋ, ಅವನ್ನೆಲ್ಲ ಮದುವೆಗೆ ಕರೆಯಲು ಬಂದಿರೋ?" ಎಂದ ಅಜ್ಜ.

ಮಧ್ಯಾಹ್ನ ಹಿಮ ಜೋರಾಗಿ ಬಿದ್ದು ನಿಂತಿತು. ಹಿಮದ ಭಾರಕ್ಕೆ ಬಾಗಿದ ಹುಲ್ಲಿನ ಗುಪ್ಪೆಯೊಂದರ ಮುಂದೆ ಮುದಿ ನಾಯಿ, ಕೋಳಿಯ ವಾಸನೆ ಹಿಡಿದಾಗ ನಿಲ್ಲುವಂತೆ, ಒಂದು ಮುಂಗಾಲು ಮಡಚಿ ನಿಂತಿತು. ಮತ್ತೆ ಅಲುಗಲಿಲ್ಲ. ಬೇಟೆಗಾರ ಬಿರಬಿರನೆ ಗುಪ್ಪೆಯನ್ನು ಒಂದು ಸುತ್ತು ಬಂದ. ಹಿಮದ ಮೇಲೆ ಕೋಳಿಯ ಹೆಜ್ಜೆ ಒಂದೂ ಇರಲಿಲ್ಲ.

"ಇದಕ್ಕೆ ವಯಸ್ಸಾಯಿತು, ಮೂಗು ಹೋಯಿತು" ಎಂದು ಅದರ ಕೊರಳಪಟ್ಟಿ ಹಿಡಿದು ಎಳೆದ. ನಾಯಿ ಬರಲಿಲ್ಲ.

"ನಿಲ್ಲಲಿ ಬಿಡಪ್ಪ. ನೀನೂ ಸ್ವಲ್ಪ ನಿಲ್ಲು" ಎಂದ ಅಜ್ಜ.

"ಹೆಜ್ಜೆಯೇ ಇಲ್ಲವಲ್ಲ ಅಜ್ಜಾ! ಕೋಳಿ ಏನು ಆಕಾಶದಿಂದ ಬಿತ್ತೇ?"

"ಆಕಾಶದಿಂದ ಬಿದ್ದದ್ದು ಹಿಮ. ಕೋಳಿ ಅದಕ್ಕೂ ಮೊದಲೇ ಬಂದು ಕೂತಿರಬಹುದು."

ಮಾತು ಬೇಟೆಗಾರನ ಕಿವಿಗೆ ಬಿತ್ತು. ಕಾಲು ಮಾತ್ರ ನಿಲ್ಲಲಿಲ್ಲ. ಹೊತ್ತು ಇಳಿಯುತ್ತಿತ್ತು. ಆಚೆಯ ದಿಬ್ಬದಲ್ಲಿ ಜೊಂಡು ಇನ್ನೂ ದಟ್ಟವಾಗಿ ಕಂಡಿತು. ಎಳೆಯ ನಾಯಿಯನ್ನು ಕರೆದುಕೊಂಡು ಅಲ್ಲಿಗೆ ಓಡಿದ. ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಮತ್ತೆ ದಿಬ್ಬಕ್ಕೆ. ಹೋಗುವಾಗಲೂ ಬರುವಾಗಲೂ ಆ ಗುಪ್ಪೆಯ ಪಕ್ಕದಲ್ಲೇ ಹಾದ. ಮುದಿ ನಾಯಿ ನಿಂತೇ ಇತ್ತು. ಅಜ್ಜ ದೂರದ ಬಂಡೆಯ ಮೇಲೆ ಕೂತು ಕೈ ಉಜ್ಜಿಕೊಳ್ಳುತ್ತಿದ್ದ.

ಸಂಜೆ ಡೋಲು ಕೇಳಿಸಿತು.

ಬೇಟೆಗಾರ ಕೋವಿಯ ಮದ್ದು ಇಳಿಸಿದ. ನಾಯಿಯನ್ನು ಕರೆದೊಯ್ಯಲು ಗುಪ್ಪೆಯ ಬಳಿಗೆ ಬಂದ. ಓಡಲು ಇನ್ನು ಬೇರೆ ಜೊಂಡು ಇರಲಿಲ್ಲ. ಹುಡುಗಿಯ ಮನೆಯವರಿಗೆ ಯಾವ ಮುಖ ತೋರಿಸಲಿ ಎಂದು ನಾಯಿಯ ಪಕ್ಕದಲ್ಲಿ ಸುಮ್ಮನೆ ನಿಂತ.

ಅವನ ಕಾಲ ಬುಡದಲ್ಲಿ ಹಿಮ ಒಡೆಯಿತು. ಉದ್ದ ಬಾಲದ ಹುಂಜವೊಂದು ಪಟಪಟನೆ ಅವನ ಮುಖದ ಮುಂದೆಯೇ ಎದ್ದು, ಬರಿದಾದ ಕೋವಿಯನ್ನು ದಾಟಿ ಕಣಿವೆಯ ಕಡೆಗೆ ಹಾರಿಹೋಯಿತು.

"ಎಷ್ಟು ಸಲ ಇದರ ಪಕ್ಕದಲ್ಲೇ ಓಡಾಡಿದೆ! ಆಗ ಏಕೆ ಏಳಲಿಲ್ಲ?" ಎಂದ ಬೇಟೆಗಾರ.

"ಓಡಾಡುವವನು ದಾಟಿ ಹೋಗುತ್ತಾನೆಂದು ಕೋಳಿಗೆ ಗೊತ್ತು. ಪಕ್ಕದಲ್ಲಿ ಬಂದು ನಿಂತವನನ್ನು ಅದು ತಾಳಲಾರದು" ಎಂದ ಅಜ್ಜ. ಬೆಟ್ಟ ಇಳಿಯುವವರೆಗೂ ಅವನನ್ನು ಮತ್ತೆ ಅಳಿಯ ಎಂದು ಕರೆಯಲಿಲ್ಲ.

ಗುರುತಾಯಿ ಕತೆ ಮುಗಿಸಿದರು. ದೇಮವ್ವ ಕೂತಲ್ಲೇ ಮಿಸುಕಾಡಿದಳು.

"ತಿಳಿಯಿತು ಅವ್ವಾ. ನಾನೂ ಆ ಬೇಟೆಗಾರನ ಹಾಗೆ, ಹುಡುಕುವ ಅವಸರದಲ್ಲಿ ದಾಟಿಹೋಗುತ್ತಿದ್ದೇನೆ" ಎಂದಳು.

"ಅವನು ಹುಡುಕುತ್ತಿದ್ದ, ಮಗಳೇ. ನೀನಾದರೋ, ನಿಂತರೆ ಎಲ್ಲಿ ಅದು ನಿನ್ನ ಮುಂದೆಯೇ ಎದ್ದುಬಿಡುತ್ತದೋ ಎಂದು ಹೆದರಿ ನಡೆಯುತ್ತಲೇ ಇದ್ದೀಯ."