ಮಡಿವಾಳಯ್ಯ ಕಂಡ ಬೆಳಕು

ಭೀಮಾ ನದಿಯ ದಂಡೆಯ ಮೇಲೆ ಒಂದು ಸಣ್ಣ ಮಠವಿತ್ತು. ಅಲ್ಲಿ ಒಬ್ಬ ವೃದ್ಧ ಗುರುಗಳಿದ್ದರು. ಸುತ್ತಲಿನ ಊರವರು ಅವರನ್ನು ಅಜ್ಜ ಎನ್ನುತ್ತಿದ್ದರು. ಅವರ ಶಿಷ್ಯ ಮಡಿವಾಳಯ್ಯ ಹನ್ನೊಂದು ವರ್ಷದಿಂದ ಅವರ ಬಳಿಯೇ ಇದ್ದ.

ಒಂದು ಬೆಳಿಗ್ಗೆ ಸ್ನಾನಕ್ಕಿಳಿದ ಮಡಿವಾಳಯ್ಯ ಸುಳಿಗೆ ಸಿಕ್ಕಿದ. ಮೀನುಗಾರರು ಎಳೆದು ದಂಡೆಗೆ ಹಾಕುವಷ್ಟರಲ್ಲಿ ಉಸಿರು ನಿಂತಿತ್ತು. ಎದೆ ಒತ್ತಿದರು. ಅಂಗಾಲು ತಿಕ್ಕಿದರು. ಇನ್ನು ಮುಗಿಯಿತು ಎಂದು ಕೈಬಿಡುವ ಹೊತ್ತಿಗೆ ಅವನು ಕೆಮ್ಮಿದ.

ಸುದ್ದಿ ಹಬ್ಬಿತು. ಸತ್ತು ಬಂದವನನ್ನು ನೋಡಲು ಜನ ಬಂದರು.

“ಏನ್ ಕಂಡ್ರಿ ಅಲ್ಲಿ?” ಎಂದು ಒಬ್ಬ ಮುದುಕ ಕೇಳಿದ.

ಮಡಿವಾಳಯ್ಯ ಸುತ್ತ ನೋಡಿದ. ಇಪ್ಪತ್ತು ಜನ ಕಣ್ಣು ಮಿಟುಕಿಸದೆ ಕೂತಿದ್ದರು.

“ಬೆಳಕು,” ಎಂದ. “ಅದರೊಳಗ ತೀರಿಕೊಂಡವರೆಲ್ಲ ನಗ್ತಾ ನಿಂತಿದ್ರು.”

ಮುದುಕ ಕೈಮುಗಿದ. ಮರುದಿನ ಐವತ್ತು ಜನ ಬಂದರು. ದಿನ ಕಳೆದಂತೆ ಬೆಳಕು ದೊಡ್ಡದಾಯಿತು. ಅದಕ್ಕೆ ಗಂಧದ ಪರಿಮಳವೂ ಸೇರಿಕೊಂಡಿತು.

ಗುರುಗಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ ಶಿಷ್ಯನನ್ನು ಕರೆದರು.

“ಅಲ್ಲಿ ಅಷ್ಟು ಚಲೋ ಇತ್ತೇನು?”

“ಹೌದ್ರಿ ಅಜ್ಜಾರ.”

“ಮತ್ತ ಹೊಳ್ಳಿ ಯಾಕ ಬಂದಿ?”

ಮಡಿವಾಳಯ್ಯ ಕಸಬರಿಗೆ ಹಿಡಿದು ಅಂಗಳಕ್ಕೆ ಹೋದ.

ಆ ವಾರ ಸಾಬವ್ವ ಎಂಬ ಹೆಂಗಸು ಬಂದಳು. ಹಿಂದಿನ ವರ್ಷ ಬಟ್ಟೆ ಒಗೆಯಲು ಹೋದ ಅವಳ ಮಗಳು ನಿಂಬೆವ್ವ ಅದೇ ಹೊಳೆಯ ಪಾಲಾಗಿದ್ದಳು. ಇದ್ದದ್ದು ಅವಳೊಬ್ಬಳೇ ಮಗಳು.

“ಅಯ್ಯಾರ, ನನ್ನ ಮಗಳಿಗೂ ಆ ಬೆಳಕು ಕಂಡಿರ್ತದೇನ್ರಿ?”

“ಕಂಡಿರ್ತದ ತಂಗಿ.”

“ಅಂಜಿಕಿ ಇರೂದಿಲ್ಲೇನ್ರಿ?”

“ಎಳ್ಳಷ್ಟೂ ಇಲ್ಲ. ನಗ್ತಾ ನಿಂತಿರ್ತಾಳ. ನಿನ್ನ ದಾರಿ ಕಾಯ್ತಿರ್ತಾಳ.”

“ನನ್ನ ದಾರಿ ಕಾಯ್ತಿರ್ತಾಳ?”

“ಹೂಂ.”

ವರ್ಷದಿಂದ ನಗದಿದ್ದ ಸಾಬವ್ವ ನಕ್ಕಳು.

ಮರುದಿನ ಮಧ್ಯಾಹ್ನ ಅವಳು ತನ್ನ ಮೇಕೆಯನ್ನು ತಂದು ಮಠದ ಅಂಗಳದಲ್ಲಿ ಕಟ್ಟಿದಳು. ಒಳ್ಳೆಯ ಸೀರೆ ಉಟ್ಟಿದ್ದಳು. “ಇದನ್ನ ನೋಡ್ಕೋರಿ ಅಯ್ಯಾರ,” ಎಂದಷ್ಟೇ ಹೇಳಿ ಹೋದಳು.

ಮಡಿವಾಳಯ್ಯ ಹಿಗ್ಗಿನಿಂದ ಗುರುಗಳ ಬಳಿಗೆ ಹೋದ. “ಸಾಬವ್ವನ ದುಃಖ ಇಳೀತ್ರಿ ಅಜ್ಜಾರ. ಮೇಕಿ ಮಠಕ್ಕ ಬಿಟ್ಟು ಹೋದ್ಲು. ಮುಖದ ಮ್ಯಾಲೆ ಎಂಥಾ ಕಳಾ!”

ಓದುತ್ತಿದ್ದ ಗುರುಗಳು ಥಟ್ಟನೆ ಎದ್ದರು.

“ಯಾವ ಕಡೆ ಹೋದ್ಲು?”

“ಹೊಳಿ ಕಡೆ.”

“ಓಡು!”

ಮಡಿವಾಳಯ್ಯ ಓಡಿದ. ಓಡುತ್ತಿದ್ದಂತೆ ಅವನಿಗೆ ಎಲ್ಲ ಅರ್ಥವಾಯಿತು. ಕಾಲಿಗೆ ಮುಳ್ಳು ಚುಚ್ಚಿದ್ದು ತಿಳಿಯಲಿಲ್ಲ.

ಸಾಬವ್ವ ಮೊಣಕಾಲು ಮಟ್ಟದ ನೀರಿನಲ್ಲಿ ನಿಂತಿದ್ದಳು.

“ತಂಗಿ, ನಿಲ್ಲು! ನಾ ಸುಳ್ಳು ಹೇಳೇನಿ!”

ಅವಳು ತಿರುಗಿದಳು.

“ಬೆಳಕು ಇರಲಿಲ್ಲ. ಯಾರೂ ನಗ್ತಾ ನಿಂತಿರಲಿಲ್ಲ. ಎಲ್ಲಾ ನಾ ಕಟ್ಟಿದ್ದು.”

ಸಾಬವ್ವನ ಮುಖ ಬಿಳುಚಿತು. “ಮತ್ತ ಏನಿತ್ತು?” ಎಂದಳು. “ಈಗರೆ ಖರೆ ಹೇಳ್ರಿ.”

ಮಡಿವಾಳಯ್ಯ ನೀರಿಗಿಳಿದು ಅವಳ ಪಕ್ಕದಲ್ಲಿ ನಿಂತ. ಸುಳಿಗೆ ಸಿಕ್ಕ ಮೇಲೆ ಅವನು ಹೊಳೆಗೆ ಇಳಿದಿರಲಿಲ್ಲ.

“ಮೊದಲ ಭಾಳ ಅಂಜಿಕಿ ಆತು. ಕಿವಿ ತುಂಬ ನೀರಿನ ಸಪ್ಪಳ. ಆಮ್ಯಾಲೆ ಅಂಜಿಕಿ ತಾನ ಹೋತು. ಅತ್ತು ಅತ್ತು ದಣಿದ ಕೂಸು ನಿದ್ದಿಗೆ ಜಾರ್ತದಲ್ಲ, ಹಂಗ. ನೋವು ಇರಲಿಲ್ಲ. ಕಣ್ಣಿಗೆ ಕತ್ತಲಿ. ಆದ್ರ ಕಿವಿ ಕೇಳ್ತಿತ್ತು. ದಂಡಿ ಮ್ಯಾಲಿನವರು ನನ್ನ ಹೆಸರು ಹಿಡದು ಕೂಗ್ತಿದ್ರು. ಓ ಅನ್ನಬೇಕು ಅಂತ ಭಾಳ ಆಸೆ ಆತು ತಂಗಿ. ದನಿ ಬರಲಿಲ್ಲ.”

ಸಾಬವ್ವ ಹೊಳೆಯ ನಡುವಿನ ಕಡೆ ನೋಡಿದಳು.

“ನಾನೂ ಕೂಗಿದ್ದೆ,” ಎಂದಳು. “ಗಂಟಲು ಹರಿಯೂತನಕ ಕೂಗಿದ್ದೆ, ಇಲ್ಲೇ ನಿಂತು. ಆಕೀಗೆ ಕೇಳಿಸಿರ್ತದೇನ್ರಿ?”

ಹೌದು ಎಂಬ ಮಾತು ಮಡಿವಾಳಯ್ಯನ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡ.

“ಗೊತ್ತಿಲ್ಲ ತಂಗಿ. ನನಗ ಕೇಳಿಸಿತ್ತು. ನನಗ ಗೊತ್ತಿರೋದು ಅಷ್ಟ.”

ಸಾಬವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಸೆರಗು ಜಾರಿತು. ಅವಳು ಗಟ್ಟಿಯಾಗಿ ಅತ್ತಳು. ಮಡಿವಾಳಯ್ಯ ಅವಳ ರಟ್ಟೆ ಹಿಡಿದು ದಂಡೆಗೆ ಕರೆತಂದ. ಇಬ್ಬರೂ ಒದ್ದೆ ಬಟ್ಟೆಯಲ್ಲೇ ಮರಳ ಮೇಲೆ ಬಹಳ ಹೊತ್ತು ಕೂತರು.

ಗುರುಗಳು ಕೋಲೂರಿಕೊಂಡು ಬಂದರು. ಅವರ ಹಿಂದೆ ಮೇಕೆ ಇತ್ತು. ಅವರು ಅದರ ಹಗ್ಗವನ್ನು ಸಾಬವ್ವನ ಕೈಗಿತ್ತರು. ಅವಳು ಹಗ್ಗವನ್ನು ನೋಡಿದಳು. ಮೂಗು ಒರೆಸಿಕೊಂಡಳು. ಎದ್ದು ಊರಿನ ದಾರಿ ಹಿಡಿದಳು.

ಮಡಿವಾಳಯ್ಯ ಎದ್ದು ತಲೆ ತಗ್ಗಿಸಿ ನಿಂತ.

“ಹನ್ನೊಂದು ವರ್ಷ ನಿಮ್ಮ ಕಡೆ ಇದ್ದು, ಸಾಯೂ ಹೊತ್ತಿನ್ಯಾಗ ದೇವರು ಕಾಣಲಿಲ್ಲ ಅನ್ನಾಕ ನಾಚಿಕಿ ಆತ್ರಿ ಅಜ್ಜಾರ.”

“ನನಗ ಒಮ್ಮೆ ಹಾವು ಕಡದಿತ್ತು,” ಎಂದರು ಗುರುಗಳು. “ಮೂರು ದಿನ ಎಚ್ಚರಿಲ್ಲದ ಬಿದ್ದಿದ್ದೆ. ನನಗ ಕಂಡಿದ್ದು ನಮ್ಮವ್ವನ ರೊಟ್ಟಿ ಹಂಚು.”

ಮಡಿವಾಳಯ್ಯ ತಲೆಯೆತ್ತಿ ಅವರನ್ನು ನೋಡಿದ. ಗುರುಗಳು ತಮಾಷೆ ಮಾಡುತ್ತಿರಲಿಲ್ಲ.

ಆಮೇಲೆ ಅವನು ಕೇಳಿದ: “ಮಗಳಿಗೆ ಕೇಳಿಸಿತ್ತು ಅಂದಿದ್ರ ಆಕೀಗೆ ಸಮಾಧಾನ ಆಗ್ತಿತ್ತೇನೋ. ನಾ ಗೊತ್ತಿಲ್ಲ ಅಂದೆ. ತಪ್ಪು ಮಾಡಿದೆನೇನ್ರಿ?”

ಗುರುಗಳು ದಾರಿಯ ಕಡೆ ನೋಡಿದರು. ದೂರದಲ್ಲಿ ಸಾಬವ್ವ ಹೋಗುತ್ತಿದ್ದಳು. ನಾಲ್ಕು ಹೆಜ್ಜೆ ನಡೆಯುವಳು, ನಿಲ್ಲುವಳು, ಮತ್ತೆ ನಡೆಯುವಳು.

“ಆಕಿ ಒಬ್ಬಾಕೀನ ಹೊಂಟಾಳ,” ಎಂದರು. “ನೀ ಇನ್ನೂ ಇಲ್ಲೇ ನಿಂತೀಯಲ್ಲೋ.”