ಹನ್ನೊಂದು ಗಂಟೆಯ ಊಟ

"ಗುರುಗಳೇ, ಕೆಲಸದವರು ಬಿಟ್ಟು ಹೋಗದ ಹಾಗೆ ನೋಡಿಕೊಳ್ಳುವುದು ಹೇಗೆ?" ಎಂದು ವಸುಪಾಲ ಕೇಳಿದ. ಅವನು ಮಾವನ ಲಾಡ್ಜನ್ನು ನಡೆಸುತ್ತಿದ್ದ ಶಿಷ್ಯ. ಆ ತಿಂಗಳು ಅವನ ಮೂವರು ಕೆಲಸಗಾರರು ಹೇಳದೆ ಕೇಳದೆ ಹೋಗಿದ್ದರು. "ಕೊರೊನಾ ಬಂದು ಹೋದ ಮೇಲೆ ಇವರಿಗೆ ಮೊದಲಿನ ಭಯವೇ ಇಲ್ಲ. ಬುದ್ಧಿ ಕೆಟ್ಟುಹೋಗಿದೆ."

ಗುರುಗಳು ಒಂದು ಕಥೆ ಹೇಳತೊಡಗಿದರು.

ಹೆದ್ದಾರಿ ಬದಿಯ ಒಂದು ಊರಿನಲ್ಲಿ ಒಬ್ಬ ಹೋಟೆಲ್ ಮಾಲೀಕನಿದ್ದ. ತಂದೆ ಕಟ್ಟಿದ ಹೋಟೆಲು. ಒಂಬತ್ತು ಜನ ಕೆಲಸದವರು. ಮಹಡಿಯ ಕೋಣೆಯಲ್ಲೇ ಅವರ ವಾಸ. ಅವರ ಊಟಕ್ಕೆ ತಂದೆಯ ಕಾಲದಿಂದ ಒಂದು ಪದ್ಧತಿಯಿತ್ತು. ಗಿರಾಕಿಗಳೆಲ್ಲ ಉಂಡು ಎದ್ದ ಮೇಲೆ, ಮೂರೂವರೆಗೆ, ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ನಿಂತು, ಉಳಿದದ್ದನ್ನು ಉಣ್ಣಬೇಕು. ಗಿರಾಕಿಯ ಮೇಜಿಗೆ ಕೆಲಸದವನು ಕೂರುವಂತಿಲ್ಲ. ಮಾಲೀಕ ಶಿಸ್ತಿನ ಮನುಷ್ಯ. ಇದನ್ನೂ ಶಿಸ್ತೆಂದೇ ತಿಳಿದಿದ್ದ.

ಲಾಕ್‌ಡೌನ್ ಬಂತು. ಬಸ್ಸುಗಳು ನಿಂತವು. ಒಂಬತ್ತು ಜನರೂ ಊರಿಗೆ ಹೋಗಲಾರದೆ ಹೋಟೆಲಿನಲ್ಲೇ ಉಳಿದರು. ಮಾಲೀಕನ ಹೆಂಡತಿ ತವರಿಗೆ ಹೋದವಳು ಅಲ್ಲೇ ಸಿಕ್ಕಿಬಿದ್ದಿದ್ದಳು. ಹಾಗಾಗಿ ಅವನ ಊಟವೂ ಹೋಟೆಲಿನಲ್ಲೇ. ಗಿರಾಕಿಗಳಿಲ್ಲ, ಮೇಜುಗಳು ಖಾಲಿ. ಹನ್ನೊಂದು ಗಂಟೆಗೆ ಹತ್ತೂ ಜನ ಮೇಜಿಗೆ ಕೂತು ಉಣ್ಣತೊಡಗಿದರು. ದಿನಕ್ಕೊಬ್ಬನಂತೆ ಬಡಿಸುವ ಸರದಿ. ಮಾಲೀಕನೂ ಬಡಿಸಿದ. ಅಡುಗೆಯ ದೂಮಣ್ಣ ಹತ್ತೊಂಬತ್ತು ವರ್ಷ ಆ ಹೋಟೆಲಿನ ಸಾಂಬಾರು ಮಾಡಿದವನು. ಅದನ್ನು ಬಿಸಿಬಿಸಿಯಾಗಿ ಉಂಡದ್ದು ಅದೇ ಮೊದಲು. "ಪರವಾಗಿಲ್ಲ, ಚೆನ್ನಾಗೇ ಮಾಡ್ತೇನೆ ನಾನು" ಎಂದ. ಎಲ್ಲರೂ ನಕ್ಕರು. ಮಾಲೀಕನೂ ನಕ್ಕ. ಐವತ್ತು ದಿನ ಹೀಗೆ ನಡೆಯಿತು.

ಹೋಟೆಲು ಮತ್ತೆ ತೆರೆಯಿತು. ಮೇಜುಗಳು ಗಿರಾಕಿಗಳಿಗೆ ಹೋದವು. ಕೆಲಸದವರ ಊಟ ಮತ್ತೆ ಮೂರೂವರೆಗೆ, ಅದೇ ಕಲ್ಲಿನ ಹತ್ತಿರ. ಯಾರೂ ತುಟಿ ಎರಡು ಮಾಡಲಿಲ್ಲ. ನಾಲ್ಕನೆಯ ದಿನ ಒಂಬತ್ತು ಜನರೂ ಹಾಸಿಗೆ ಸುತ್ತಿಕೊಂಡು ಬಸ್ಸು ಹತ್ತಿದರು.

ಕೊಬ್ಬು, ಎಂದುಕೊಂಡ ಮಾಲೀಕ. ಏಜೆಂಟನಿಗೆ ಹೇಳಿ ಹೊಸಬರನ್ನು ತರಿಸಿದ. ಹಾಜರಿಗೆ ಹೆಬ್ಬೆರಳು ಒತ್ತುವ ಯಂತ್ರ ತಂದ. ಅಡುಗೆಮನೆಗೆ ಕ್ಯಾಮೆರಾ ಹಾಕಿಸಿದ. ಸಂಬಳವನ್ನೂ ಏರಿಸಿದ. ಹೊಸಬರು ಹದಿನೈದು ದಿನ ನಿಲ್ಲಲಿಲ್ಲ. ಎರಡನೆಯ ತಂಡ ಹತ್ತು ದಿನ. ಇಡ್ಲಿ ಗಟ್ಟಿಯಾಯಿತು, ಗಿರಾಕಿಗಳು ಎದುರಿನ ಹೋಟೆಲಿಗೆ ದಾಟಿದರು. ತಿಂಗಳೊಳಗೆ ಜನ ಸಿಗದಿದ್ದರೆ ತಂದೆಯ ಹೋಟೆಲಿಗೆ ಬೀಗ ಹಾಕಬೇಕು. ಅದು ಮಾಲೀಕನಿಗೆ ತಿಳಿಯಿತು. ಅವನು ಬಸ್ಸು ಹಿಡಿದು ದೂಮಣ್ಣನ ಊರಿಗೆ ಹೋದ.

"ಏನಯ್ಯಾ, ನಾನೇನು ಕಡಿಮೆ ಮಾಡಿದ್ದೆ ನಿಂಗೆ?" ಎಂದು ಅಂಗಳದಲ್ಲೇ ಕೇಳಿದ.

"ಮೊದಲು ಊಟ ಮಾಡಿ ಧಣಿ," ಎಂದು ದೂಮಣ್ಣ ಎರಡು ಮಣೆ ಹಾಕಿದ. ಪಕ್ಕದಲ್ಲೇ ಕೂತ. "ಹತ್ತೊಂಬತ್ತು ವರ್ಷ ನಿಂತು ಉಂಡೆ. ನಿಂತಿದ್ದೇನೆ ಅಂತಲೇ ಗೊತ್ತಾಗಿರಲಿಲ್ಲ. ನೀವೇ ಕೂರಿಸಿದಿರಿ. ಈಗ ನಿಂತರೆ ಗಂಟಲಲ್ಲಿ ಇಳಿಯೋದಿಲ್ಲ."

"ಇಷ್ಟೇನಾ? ಬಾಯಿ ಬಿಟ್ಟು ಕೇಳಬಾರದಿತ್ತಾ ಮಾರಾಯ?"

"ಅನ್ನ ಕೇಳಬಹುದು ಧಣಿ. ಇದನ್ನು ಹೇಗೆ ಕೇಳೋದು?"

ಮಾಲೀಕ ಕೈಯಲ್ಲಿ ತುತ್ತು ಹಿಡಿದುಕೊಂಡೇ ಕೂತ. ತುತ್ತು ಆರಿಹೋಯಿತು. ತಾನು ಕಾಯ್ದುಕೊಂಡು ಬಂದದ್ದು ಶಿಸ್ತಲ್ಲ, ಬರೀ ರೂಢಿ ಎಂಬುದು ಅವನಿಗೆ ಹೊಳೆಯಿತು.

ಮರುವಾರ ಹೋಟೆಲಿನ ಬಾಗಿಲಿಗೆ ಒಂದು ಬೋರ್ಡು ಬಂತು. 'ಹನ್ನೊಂದರಿಂದ ಹನ್ನೊಂದೂವರೆ ನಮ್ಮವರ ಊಟ. ಗ್ರಾಹಕರು ದಯವಿಟ್ಟು ಕಾಯಬೇಕು.' ಒಂಬತ್ತು ಜನರೂ ಮರಳಿದ್ದರು. ಹನ್ನೊಂದಕ್ಕೆ ಸರಿಯಾಗಿ ಮಾಲೀಕ ಶಟರನ್ನು ಅರ್ಧಕ್ಕೆ ಎಳೆದ.

ಎದುರು ಹೋಟೆಲಿನವನು ರಸ್ತೆಯಾಚೆಯಿಂದಲೇ ಕೂಗಿದ. "ಏನ್ರೀ, ಗಿರಾಕಿಗಳನ್ನ ಬೀದಿಯಲ್ಲಿ ನಿಲ್ಸಿ ಕೆಲಸದವರಿಗೆ ಔತಣವಾ? ನಾಳೆ ಗಲ್ಲಾ ಮೇಲೂ ಅವರನ್ನೇ ಕೂರ್ಸಿ!"

"ಒಂಬತ್ತು ಜನಕ್ಕೆ ಗಲ್ಲಾ ಸಾಲದಲ್ಲ ಸ್ವಾಮಿ," ಎಂದ ಮಾಲೀಕ.

ಅಷ್ಟರಲ್ಲಿ ಪ್ರವಾಸಿಗರ ಬಸ್ಸೊಂದು ಬಂದು ನಿಂತಿತು. ನಲವತ್ತು ಜನ. ಡ್ರೈವರ್ ಹಾರ್ನ್ ಒತ್ತಿದ. ತಿಂಗಳುಗಳಿಂದ ಅಷ್ಟು ಜನ ಆ ಬಾಗಿಲಿಗೆ ಬಂದಿರಲಿಲ್ಲ. ದೂಮಣ್ಣ ಎಲೆ ಬಿಟ್ಟು ಅರ್ಧ ಎದ್ದ. ಮಾಲೀಕನ ಕೈಯೂ ಶಟರಿನತ್ತ ಹೋಯಿತು. ನಡುವೆ ನಿಂತಿತು. ಅವನು ತಿರುಗಿ ಸಾಂಬಾರಿನ ಪಾತ್ರೆ ಎತ್ತಿಕೊಂಡ.

"ಕೂರು. ಇನ್ನೂ ಮಜ್ಜಿಗೆ ಬಡಿಸಿಲ್ಲ."

ಬಸ್ಸು ಎದುರಿನ ಹೋಟೆಲಿಗೆ ಹೋಯಿತು. ಮರುದಿನದ ಬಸ್ಸೂ ಹೋಯಿತು. ಮಾಲೀಕ ಶಟರು ಎತ್ತಲಿಲ್ಲ. ಆದರೆ ಹನ್ನೊಂದೂವರೆಗೆ ಶಟರು ಮೇಲೇರಿದರೆ ಒಂಬತ್ತು ಜನ ಹದಿನೆಂಟು ಜನರ ಹಾಗೆ ಓಡಾಡುತ್ತಿದ್ದರು. ಇಡ್ಲಿ ಮತ್ತೆ ಹೂವಿನಂತಾಯಿತು. ಮೂರನೆಯ ವಾರ ಎದುರು ಹೋಟೆಲಿನ ನಾಲ್ವರು ಇಲ್ಲಿ ಕೆಲಸ ಕೇಳಿಕೊಂಡು ಬಂದರು. ಮಾಲೀಕ ಅವರನ್ನು ಸೇರಿಸಿಕೊಳ್ಳಲಿಲ್ಲ. ಅವರ ಧಣಿಯ ಹತ್ತಿರ ತಾನೇ ನಡೆದುಕೊಂಡು ಹೋದ. ಅವರಿಬ್ಬರೂ ಏನು ಮಾತಾಡಿದರೋ, ವಾರದಲ್ಲಿ ಅಲ್ಲಿಯೂ ಅಂಥದೇ ಬೋರ್ಡು ಬಂತು. ಆಮೇಲೆ ಮೂರನೆಯ ಹೋಟೆಲಿಗೆ, ನಾಲ್ಕನೆಯದಕ್ಕೆ. ಈಗ ಹನ್ನೊಂದಕ್ಕೆ ಆ ಬೀದಿಯ ಶಟರುಗಳೆಲ್ಲ ಒಟ್ಟಿಗೆ ಇಳಿಯುತ್ತವೆ. ಪ್ರವಾಸಿ ಬಸ್ಸಿನ ಡ್ರೈವರುಗಳು ಹೊತ್ತು ನೋಡಿಕೊಂಡು ಹನ್ನೊಂದೂವರೆಗೇ ಆ ಊರು ಮುಟ್ಟುತ್ತಾರೆ. ಮಾಲೀಕನ ಹೋಟೆಲಿನ ಮುಂದೆ ಬಸ್ಸುಗಳ ಸಾಲು ರಸ್ತೆಯ ತಿರುವಿನವರೆಗೆ ಇರುತ್ತದೆ.

ಗುರುಗಳು ನಿಲ್ಲಿಸಿದರು. ವಸುಪಾಲನ ಮುಖ ಅರಳಿತು.

"ಹಾಗಾದರೆ ಅಲ್ಲಿಂದೀಚೆಗೆ ಅವನನ್ನು ಯಾರೂ ಬಿಟ್ಟು ಹೋಗಿಲ್ಲ, ಅಲ್ಲವೇ ಗುರುಗಳೇ?"

"ದೂಮಣ್ಣ ಹೋದ, ಪಕ್ಕದ ಊರಿನಲ್ಲಿ ಸ್ವಂತ ಹೋಟೆಲು ತೆರೆದ, ಮೊದಲ ದಿನ ಅವನ ಕೆಲಸದವರಿಗೆ ಬಡಿಸಿದವನು ಈ ಮಾಲೀಕ."